ತರಂಗಾಂತರ ಹರಾಜು: ಕೊನೆಗೆ ದುಡ್ಡು ಕೊಡುವವರು ಯಾರು?

ತರಂಗಾಂತರ ಅಂದರೆ ಮೊಬೈಲ್ ಸಿಗ್ನಲ್ ಸಾಗುವ ರೇಡಿಯೋ ಅಲೆಗಳು; ಅವನ್ನು ಬಳಸುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತದೆ. ಆ ಹರಾಜಿನಲ್ಲಿ ಮೊಬೈಲ್ ಕಂಪನಿ ಜಾಸ್ತಿ ದುಡ್ಡು ಕೊಟ್ಟರೆ ನಮ್ಮ ರೀಚಾರ್ಜ್ ದುಬಾರಿಯಾಗುತ್ತದೆ. ನಾವೆಲ್ಲ ಹೀಗೇ ಅಂದುಕೊಂಡಿರುತ್ತೇವೆ, ಅಲ್ವಾ? ನನ್ನ ಟಿಪ್ಪಣಿಯಲ್ಲೂ ಹಾಗೇ ಇತ್ತು. ಎರಡು ಹರಾಜುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಆ ಸಾಲನ್ನು ಹೊಡೆದುಹಾಕಿದೆ.

2015ರ ಮಾರ್ಚ್ ಹರಾಜಿನಲ್ಲಿ ಬಂದ ಬಿಡ್ ಸುಮಾರು 1.09 ಲಕ್ಷ ಕೋಟಿ ರೂಪಾಯಿ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಬೆಲೆ ನೆಲ ಕಚ್ಚಿತು. 2024ರ ಜೂನ್ ಹರಾಜು ಎರಡೇ ದಿನಕ್ಕೆ ಮುಗಿಯಿತು, ಬಂದದ್ದು ಸುಮಾರು 11,340 ಕೋಟಿ. ಮುಂದಿನ ವಾರವೇ 28 ದಿನ, ದಿನಕ್ಕೆ ಒಂದೂವರೆ ಜಿಬಿಯ ಜಿಯೋ ಪ್ಲಾನ್ 239ರಿಂದ 299 ರೂಪಾಯಿಗೆ ಏರಿತು.

ಪುರಸಭೆ ಮಳಿಗೆಯನ್ನು ಹರಾಜಿನಲ್ಲಿ ದುಬಾರಿಗೆ ಹಿಡಿದವನನ್ನು ನೆನೆಸಿಕೊಳ್ಳಿ. ಕೊಟ್ಟ ದುಡ್ಡು ಕೊಟ್ಟಾಯಿತು. ಪಕ್ಕದಂಗಡಿಗಿಂತ ಇಡ್ಲಿಗೆ ಐದು ರೂಪಾಯಿ ಜಾಸ್ತಿ ಹೇಳಿದರೆ ಗಿರಾಕಿ ಪಕ್ಕಕ್ಕೇ ಹೋಗುತ್ತಾನೆ. ಅಕ್ಕಪಕ್ಕದ ಅಂಗಡಿಗಳು ಮುಚ್ಚಿದರೆ ಮಾತ್ರ ಬೆಲೆ ಅವನ ಕೈಗೆ ಬರುತ್ತದೆ. ಟೆಲಿಕಾಂನಲ್ಲಿ ಆಗಿದ್ದೂ ಅದೇ. ಈಗ ಉಳಿದಿರುವುದು ಮೂರು ದೊಡ್ಡ ಖಾಸಗಿ ಕಂಪನಿಗಳು ಮತ್ತು ಬಿಎಸ್‌ಎನ್‌ಎಲ್. ಹರಾಜಿನ ಸಾಲ ನೇರವಾಗಿ ನಮ್ಮ ಬಿಲ್ಲಿಗೆ ಬರುವುದಿಲ್ಲ. ಅದು ಮೊದಲು, ಪೈಪೋಟಿಯಲ್ಲಿ ಸೋತ ಕಂಪನಿಯನ್ನು ಮುಳುಗಿಸುತ್ತದೆ, ಆಮೇಲೆ ನಮ್ಮ ಕಡೆ ಬರುತ್ತದೆ.

ಹಾಗಂತ ಅಗ್ಗಕ್ಕೆ ಹಂಚಿದರೆ ಗ್ರಾಹಕನಿಗೆ ಲಾಭವೇ? 2008ರಲ್ಲಿ ಹರಾಜಿಲ್ಲದೆ 2001ರ ಬೆಲೆಗೇ ಟೆಲಿಕಾಂ ಲೈಸೆನ್ಸ್ ಕೊಟ್ಟರು. ಪಡೆದವರಲ್ಲಿ ಕೆಲವರು ನೆಟ್‌ವರ್ಕ್ ಶುರುವಾಗುವ ಮೊದಲೇ ವಿದೇಶಿ ಕಂಪನಿಗಳಿಗೆ ಪಾಲು ಕೊಟ್ಟು ಸಾವಿರಾರು ಕೋಟಿ ತಂದರು. 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. ಹರಾಜು ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಬಿಡ್ ಮೊತ್ತವನ್ನು ಖಜಾನೆಗೆ ಬಂದ ದುಡ್ಡು ಅಂತ ಬರೆಯಬೇಡಿ. ಕಂಪನಿಗಳು ಅದನ್ನು ವರ್ಷಗಟ್ಟಲೆ ಕಂತಿನಲ್ಲಿ ಕಟ್ಟಬಹುದು. ವೊಡಾಫೋನ್ ಐಡಿಯಾದ 36,950 ಕೋಟಿ ಹರಾಜಿನ ಬಾಕಿಗೆ ಬದಲಾಗಿ ಸರ್ಕಾರ 2025ರಲ್ಲಿ ಷೇರು ತೆಗೆದುಕೊಂಡಿತು. ಕಂಪನಿಯಲ್ಲಿ ಸರ್ಕಾರದ ಪಾಲು ಸುಮಾರು ಶೇ 49 ಆಯಿತು. ಷೇರಿನ ಬೆಲೆ ಬಿದ್ದರೆ ನಷ್ಟ ತೆರಿಗೆ ಕಟ್ಟುವವರದ್ದು.

ಇನ್ನು 700 ಮೆಗಾಹರ್ಟ್ಸ್ ಅನ್ನುವ ತರಂಗಾಂತರ. ಈ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಹಳ್ಳಿಗೆ ಹೇಳಿಮಾಡಿಸಿದ್ದು. 2016ರಲ್ಲಿ ಒಂದು ಮೆಗಾಹರ್ಟ್ಸ್‌ಗೆ 11,485 ಕೋಟಿ ಮೀಸಲು ಬೆಲೆ, ಅಂದರೆ ಹರಾಜಿನ ಕನಿಷ್ಠ ಬೆಲೆ, ಇಟ್ಟರು. ಯಾರೂ ಕೊಳ್ಳಲಿಲ್ಲ. 2021ರಲ್ಲೂ ಇಲ್ಲ. 2022ರಲ್ಲಿ 3,927 ಕೋಟಿಗೆ ಇಳಿಸಿದ ಮೇಲೆ ಜಿಯೋ ತೆಗೆದುಕೊಂಡಿತು. ಆರು ವರ್ಷ ಸರ್ಕಾರಕ್ಕೂ ದುಡ್ಡಿಲ್ಲ, ಊರಿಗೂ ಸಿಗ್ನಲ್ ಇಲ್ಲ. ಅದೇ ಅವಧಿಯಲ್ಲಿ ಕೊರೊನಾ ಬಂತು. ಮಲೆನಾಡಿನ ಮಕ್ಕಳು ಆನ್‌ಲೈನ್ ಕ್ಲಾಸಿಗಾಗಿ ಮಳೆಯಲ್ಲಿ ಛತ್ರಿ ಹಿಡಿದು ಗುಡ್ಡ ಹತ್ತುತ್ತಿದ್ದಾಗ, ಆ ಅಲೆಗಳು ಸುಮ್ನೆ ಖಾಲಿ ಬಿದ್ದಿದ್ದವು.