ಒಂದು ಇಲಿ ಕೇಳಿದರೆ ಜೋಡಿಯನ್ನೇ ಏಕೆ ಕೊಡುತ್ತಾರೆ?

ಪ್ರಶ್ನೆ: ಪ್ರಾಣಿ ಆಶ್ರಯಧಾಮದಿಂದ ಒಂದು ಸಾಕು ಇಲಿಯನ್ನು ದತ್ತು ತರಲು ಹೋಗಿದ್ದೆ. ಒಂಟಿ ಇಲಿ ಕೊಡುವುದಿಲ್ಲ, ಜೋಡಿಯನ್ನೇ ಒಯ್ಯಬೇಕು ಎಂದರು. ನಾನು ಹಗಲೆಲ್ಲ ಮನೆಯಲ್ಲೇ ಇರುವವಳು, ಅದಕ್ಕೆ ಬೇಕಾದಷ್ಟು ಸಮಯ ಕೊಡಬಲ್ಲೆ. ಎರಡಿದ್ದರೆ ಅವು ತಮ್ಮ ಪಾಡಿಗೆ ತಾವಿದ್ದು ನನ್ನನ್ನು ಹಚ್ಚಿಕೊಳ್ಳುವುದಿಲ್ಲವಂತೆ. ಏನು ಮಾಡಲಿ?

ಉತ್ತರ: ಜೋಡಿಯನ್ನೇ ತನ್ನಿ. ನಿಮ್ಮ ಅಕ್ಕರೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಒಂದು ಇಲಿ ಇನ್ನೊಂದಕ್ಕೆ ಕೊಡುವುದನ್ನು ನಾವು ಎಷ್ಟು ಹೊತ್ತು ಜೊತೆಗಿದ್ದರೂ ಕೊಡಲಾರೆವು.

ಮತ್ತೆ ಹೋದಾಗ ಪಂಜರದ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಒಂದು ಇಲಿ ಕಣ್ಣು ಅರೆಮುಚ್ಚಿ ಚಪ್ಪಟೆಯಾಗಿ ಮಲಗಿರುತ್ತದೆ. ಇನ್ನೊಂದು ಅದರ ಬೆನ್ನ ಮೇಲೆ ಮುಂಗಾಲೂರಿ, ಕಿವಿಯ ಹಿಂದಿನ ಕೂದಲನ್ನು ಮುಂಹಲ್ಲಿನಿಂದ ಎಳೆ ಎಳೆಯಾಗಿ ಬಿಡಿಸುತ್ತಿರುತ್ತದೆ. ನಿದ್ದೆ ಬಂದರೆ ಒಂದರ ಮೇಲೊಂದು ರಾಶಿಯಾಗಿ ಬೀಳುತ್ತವೆ. ಅವುಗಳ ಮಾತುಕತೆಯಂತೂ ಬಹುಪಾಲು ನಮಗೆ ಕೇಳಿಸುವುದೇ ಇಲ್ಲ. ಆಟದ ಖುಷಿಯಲ್ಲಿ ಹೊರಡಿಸುವ ಚಿಲಿಪಿಲಿ ಸುಮಾರು 50 ಕಿಲೋಹರ್ಟ್ಸ್‌ನದು. ಮನುಷ್ಯರ ಕಿವಿಯ ಮಿತಿ 20. ಜೊತೆಗೆ, ನೀವು ನಿದ್ದೆಗೆ ಜಾರುವ ಹೊತ್ತಿಗೇ ಅವು ಚುರುಕಾಗುವುದು. ಆ ಇಡೀ ರಾತ್ರಿ ಒಂಟಿ ಇಲಿಗೆ ಯಾರಿದ್ದಾರೆ?

ಹಚ್ಚಿಕೊಳ್ಳುವುದಿಲ್ಲವೆಂಬ ಭಯ ಬೇಡ. ಹೊಸ ಮನೆಯಲ್ಲಿ ಒಂಟಿ ಇಲಿ ಮೂಲೆ ಸೇರಿಬಿಡಬಹುದು. ಜೋಡಿಯಲ್ಲಿ ಒಂದು ಧೈರ್ಯ ಮಾಡಿ ನಿಮ್ಮ ಅಂಗೈ ಮೂಸಿತೆಂದರೆ, ಇನ್ನೊಂದು ಅದರ ಬೆನ್ನ ಹಿಂದೆಯೇ ಬರುತ್ತದೆ. ಕೆಲವು ವಾರಗಳಲ್ಲಿ ಮಡಿಲಲ್ಲಿ ಮೈ ಸಡಿಲಬಿಟ್ಟು ಕೂತು ಹಲ್ಲು ಮಸೆಯುವ ಸಣ್ಣ ಸದ್ದು ಕೇಳಬಹುದು. ನಮ್ಮ ಮಾತಿನಲ್ಲಿ ಹಲ್ಲು ಮಸೆಯುವುದೆಂದರೆ ದ್ವೇಷ; ಹೀಗೆ ಕೂತ ಇಲಿಗೆ ಅದು ನೆಮ್ಮದಿ.

ನಿಜವಾಗಿ ಎಚ್ಚರ ಬೇಕಿರುವುದು ಲಿಂಗದ ವಿಷಯದಲ್ಲಿ. ಎರಡೂ ಹೆಣ್ಣಾಗಿರಲಿ, ಇಲ್ಲವೇ ಎರಡೂ ಗಂಡಾಗಿರಲಿ. ಇಲಿಗಳು ಐದು ವಾರಕ್ಕೇ ಬೆದೆಗೆ ಬರಬಹುದು, ಗರ್ಭಾವಧಿ 21ರಿಂದ 23 ದಿನ, ಒಂದೇ ಸೂಲಿನಲ್ಲಿ ಹತ್ತು ಹನ್ನೆರಡು ಮರಿಗಳಾಗುವುದೂ ಉಂಟು. ಎರಡೂ ಹೆಣ್ಣೆಂದು ನಂಬಿ ತಂದವರ ಮನೆಯಲ್ಲಿ ಹುಟ್ಟಿದ ಮರಿಗಳೇ ಎಷ್ಟೋ ಸಲ ಆಶ್ರಯಧಾಮ ಸೇರುತ್ತವೆ. ಹೆಣ್ಣನ್ನು ತರುವುದಾದರೆ, ಗಂಡಿನಿಂದ ಬೇರೆಯಾಗಿ ಎಷ್ಟು ದಿನವಾಯಿತು ಎಂದು ಸಂಕೋಚವಿಲ್ಲದೆ ಕೇಳಿ. 23 ದಿನ ದಾಟಿದ್ದರೆ ನಿಶ್ಚಿಂತೆ.

ಎತ್ತಿಕೊಂಡಾಗ ಉಸಿರಿಗೆ ಕಿವಿಗೊಡಿ. ಗೊರಗೊರ ಸದ್ದಿದ್ದರೆ ಮೊದಲು ಪಶುವೈದ್ಯರು ನೋಡಲಿ; ಉಸಿರಾಟದ ಕಾಯಿಲೆ ಇಲಿಗಳಿಗೆ ತೀರಾ ಸಾಮಾನ್ಯ. ಕಣ್ಣು ಮೂಗಿನ ಸುತ್ತಲಿನ ಕೆಂಪು ಕಲೆ ಸಾಮಾನ್ಯವಾಗಿ ರಕ್ತವಲ್ಲ, ಪಾರ್ಫೈರಿನ್ ಎಂಬ ಬಣ್ಣ. ಆದರೆ ಅದು ಹೆಚ್ಚಾಗಿದ್ದರೆ ಇಲಿ ಬಳಲಿದೆ ಎಂದೇ ಅರ್ಥ. ಪಂಜರದೊಳಗೆ ಪೈನ್, ಸೀಡರ್ ಮರದ ಹೊಟ್ಟು ಹಾಸಬೇಡಿ, ಕಾಗದದ ಹಾಸು ಒಳ್ಳೆಯದು.

ಒಂದು ಕಷ್ಟದ ಮಾತನ್ನು ಈಗಲೇ ಹೇಳಬೇಕು. ಇಲಿಯ ಆಯಸ್ಸು ಎರಡರಿಂದ ಮೂರು ವರ್ಷ. ಜೋಡಿಯಲ್ಲಿ ಒಂದು ಮೊದಲು ಹೋಗುತ್ತದೆ, ಉಳಿದದ್ದು ಒಂಟಿಯಾಗುತ್ತದೆ. ಆಗ ಅದಕ್ಕೆ ಅದೇ ವಯಸ್ಸಿನ ಸಂಗಾತಿಯನ್ನು ಹುಡುಕಿಕೊಡುತ್ತೀರಾ ಎಂದು ಆಶ್ರಯಧಾಮದವರನ್ನು ಇವತ್ತೇ ಕೇಳಿಟ್ಟುಕೊಳ್ಳಿ. ಹೊಸ ಇಲಿಯನ್ನು ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಎರಡಕ್ಕೂ ಪರಿಚಯವಿಲ್ಲದ ಜಾಗದಲ್ಲಿ ಭೇಟಿ ಮಾಡಿಸಬೇಕು.

ಈ ತೊಡಕೇ ಬೇಡವೆಂದು ಮೂರನ್ನು ಸಾಕುವವರೂ ಇದ್ದಾರೆ. ನಿಮಗೆ ಸದ್ಯಕ್ಕೆ ಎರಡು ಸಾಕು. ಅಲ್ಲಿ ಯಾವುದು ಯಾವುದರ ಪಕ್ಕ ಮಲಗುತ್ತದೆ ಎಂದು ವಿಚಾರಿಸಿ, ಆ ಜೋಡಿಯನ್ನು ಕೇಳಿ. ಅವು ಮಲಗುತ್ತಿದ್ದ ಬಟ್ಟೆಯ ತುಂಡನ್ನೂ ತೊಳೆಯದೆ ಜೊತೆಗೇ ತನ್ನಿ, ಮೊದಲ ರಾತ್ರಿಗೆ ಆ ವಾಸನೆ ಬೇಕಾಗುತ್ತದೆ.