ನೋವು ಸೊಂಟದಲ್ಲಿ, ಕರೆಂಟು ತಲೆಗೆ ಯಾಕೆ?

"ಕರೆಂಟ್ ಕೊಡ್ತೀರಲ್ಲ ಮೇಡಂ, ಅಷ್ಟು ಸಾಕು. ಎಕ್ಸರ್‌ಸೈಜ್ ಎಲ್ಲ ಬೇಡ." ಉಡುಪಿ, ಮಂಗಳೂರು ಕಡೆ ಫಿಸಿಯೋಥೆರಪಿ ಮಾಡುವ ಯಾರಿಗೂ ಈ ಮಾತು ಹೊಸದಲ್ಲ. ಸೊಂಟಕ್ಕೋ ಮಂಡಿಗೋ ಪ್ಯಾಡ್ ಅಂಟಿಸಿಕೊಂಡು, ಜುಮುಜುಮು ಅನ್ನಿಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಮಲಗಿದರೆ ಹಾಯೆನಿಸುತ್ತದೆ, ನಿಜ. ಆದರೆ ಬಸ್ಸು ಹತ್ತಿ ಮನೆ ಮುಟ್ಟುವಷ್ಟರಲ್ಲಿ ಎಷ್ಟೋ ಜನರಿಗೆ ನೋವು ಮತ್ತೆ ಹಾಜರ್.

ಕೆಲವು ವರ್ಷಗಳಿಂದ ಸಂಶೋಧಕರು ಕರೆಂಟನ್ನು ನೋವಿರುವ ಜಾಗ ಬಿಟ್ಟು ತಲೆಗೆ ಕೊಟ್ಟು ನೋಡುತ್ತಿದ್ದಾರೆ. ಜೊತೆಗೆ ವ್ಯಾಯಾಮವನ್ನೂ ಮಾಡಿಸುತ್ತಿದ್ದಾರೆ. ಫಿಸಿಯೋಥೆರಪಿಸ್ಟ್ ಆದ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ 'ಜೊತೆಗೆ' ಅನ್ನುವ ಭಾಗ. ತಲೆಗೆ ಕರೆಂಟು ಅಂದ ಕೂಡಲೇ ಕೆಲವರಿಗೆ ಶಾಕ್ ಟ್ರೀಟ್‌ಮೆಂಟ್ ನೆನಪಾಗಿ ಭಯವಾಗುತ್ತದೆ. ಇದು ಅದಲ್ಲ. ಅದರಲ್ಲಿ 800 ಮಿಲಿಆಂಪಿಯರ್ ಆಸುಪಾಸಿನ ಕರೆಂಟು ಬಳಸುತ್ತಾರೆ, ರೋಗಿಗೆ ಅರಿವಳಿಕೆ ಕೊಟ್ಟು ಮಲಗಿಸಿರುತ್ತಾರೆ. ಇಲ್ಲಿ ಹರಿಸುವುದು 1ರಿಂದ 2 ಮಿಲಿಆಂಪಿಯರ್, ಅಷ್ಟೇ. ರೋಗಿ ಕುರ್ಚಿಯಲ್ಲಿ ಕೂತು ಮಾತಾಡುತ್ತಿರಬಹುದು.

ಆದರೆ ನೋವು ಸೊಂಟದಲ್ಲಿ, ಭುಜದಲ್ಲಿ ಇರುವಾಗ ತಲೆಗೆ ಯಾಕೆ ಹೋಗಬೇಕು?

ನಮ್ಮ ಕಡೆಯ ಬೀಡಿ ಕಟ್ಟುವ ಹೆಂಗಸರನ್ನು ನೋಡಿ. ಗೋಡೆಗೆ ಒರಗಿ, ಕಾಲು ಚಾಚಿ, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ತಲೆ ಬಗ್ಗಿಸಿದರೆ ಮತ್ತೆ ಎತ್ತುವುದು ಊಟದ ಹೊತ್ತಿಗೆ. ಎಲೆಗೆ ಹೊಗೆಸೊಪ್ಪು ಹಾಕಬೇಕು, ಸುತ್ತಬೇಕು, ತುದಿ ಮಡಚಬೇಕು, ನೂಲು ಕಟ್ಟಬೇಕು. ಬೆರಳುಗಳು ಓಡುತ್ತಲೇ ಇರುತ್ತವೆ, ಕುತ್ತಿಗೆ ಮತ್ತು ಭುಜ ಮಾತ್ರ ಅಲ್ಲಾಡುವುದಿಲ್ಲ. ನನಗೆ ಗೊತ್ತಿರುವ ಒಬ್ಬ ಅಕ್ಕ ಬೀಡಿ ಕಟ್ಟುವುದು ಬಿಟ್ಟು ವರ್ಷಗಳೇ ಆದವು. ಎಕ್ಸ್‌ರೇಯಲ್ಲಿ ವಯಸ್ಸಿಗೆ ತಕ್ಕ ಸವಕಳಿ ಬಿಟ್ಟರೆ ಬೇರೇನೂ ಇಲ್ಲ. "ನಾನು ಕೆಲಸ ಬಿಟ್ಟೆ, ನೋವು ನನ್ನನ್ನು ಬಿಡ್ಲಿಲ್ಲ" ಅನ್ನುತ್ತಾರೆ. ಬಟ್ಟೆ ಒಣಗಿಸಲು ಕೈ ಎತ್ತಿದರೆ ನೋವು, ತಲೆ ಬಾಚಿದರೆ ನೋವು. ಈಗೀಗ ಮೈಮೇಲೆ ಶಾಲು ಬಿದ್ದರೂ ಭುಜ ಚುರ್ ಅನ್ನುತ್ತದಂತೆ.

ಮೂರು ತಿಂಗಳು ದಾಟಿಯೂ ಹೋಗದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಬರೇ ಲೆಕ್ಕ ಇಡುವುದಕ್ಕಾಗಿ ಹಾಕಿದ ಗಡುವಲ್ಲ ಅದು. ಅಷ್ಟರೊಳಗೆ ಸಾಮಾನ್ಯವಾಗಿ ಗಾಯ ಮಾಗಿರುತ್ತದೆ. ಆಮೇಲೂ ನೋವು ಉಳಿದರೆ, ನೋವಿನ ಸುದ್ದಿ ಸಾಗಿಸುವ ವ್ಯವಸ್ಥೆಯೇ ಬದಲಾಗಿರುವ ಸಾಧ್ಯತೆ ಇದೆ. 1983ರಲ್ಲಿ ನೋವಿನ ಸಂಶೋಧಕ ಕ್ಲಿಫರ್ಡ್ ವುಲ್ಫ್ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಪೆಟ್ಟಾದ ಜಾಗದಿಂದ ಸಂಕೇತಗಳು ಒಂದೇ ಸಮನೆ ಬರುತ್ತಿದ್ದರೆ ಬೆನ್ನುಹುರಿಯ ನರಕೋಶಗಳು ವಿಪರೀತ ಚುರುಕಾಗುತ್ತವೆ. ಆಮೇಲೆ ಸಣ್ಣ ಸಂಕೇತವೂ ದೊಡ್ಡದಾಗಿ ಮೆದುಳಿಗೆ ಹೋಗುತ್ತದೆ. ಸುಮ್ನೆ ಮುಟ್ಟಿದ್ದೂ ನೋವಾಗುತ್ತದೆ. ಆ ಅಕ್ಕನ ಶಾಲಿನ ಕತೆಗೆ ಇದು ಚೆನ್ನಾಗಿ ಹೊಂದುತ್ತದೆ, ಅಲ್ವಾ?

ಇಲ್ಲಿ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಮೆದುಳಿನ ಹೆಸರು ಬಂತು ಅಂದರೆ ನೋವು ಸುಳ್ಳು ಅಂತಲ್ಲ. "ಎಲ್ಲಾ ರಿಪೋರ್ಟ್ ನಾರ್ಮಲ್, ನಿಮಗೆ ಟೆನ್ಶನ್ ಜಾಸ್ತಿ" ಅಂತ ಹೇಳಿಸಿಕೊಂಡು ಬಂದ ಹೆಂಗಸರು ಎಷ್ಟೋ ಜನ ನನ್ನ ಮುಂದೆ ಕೂತು ಅತ್ತಿದ್ದಾರೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವು ಇದೆ ಅಂತ ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು ಅಂತ ಸ್ಪಷ್ಟವಾಗಿ ಬರೆಯಿತು. ನರಮಂಡಲ ಚುರುಕಾಗುವುದು ನಡೆಯುವುದು ದೇಹದಲ್ಲೇ. ಅದು ಎಕ್ಸ್‌ರೇಗೆ ಕಾಣುವುದಿಲ್ಲ, ಅಷ್ಟೇ.

ಮೆದುಳಿಗೆ ನೋವಿನ ಸುದ್ದಿ ಬರುವುದು ಮಾತ್ರವಲ್ಲ, ಅದನ್ನು ತಗ್ಗಿಸುವ ಆದೇಶವೂ ಅಲ್ಲಿಂದ ಕೆಳಗಿಳಿಯುತ್ತದೆ. 1969ರಲ್ಲಿ ಸಂಶೋಧಕ ಡೇವಿಡ್ ರೆನಾಲ್ಡ್ಸ್ ಇಲಿಗಳ ಮೆದುಳಿನ ಕಾಂಡದ ಒಂದು ಸಣ್ಣ ಭಾಗಕ್ಕೆ ವಿದ್ಯುತ್ ಕೊಟ್ಟು, ಅರಿವಳಿಕೆ ಮದ್ದಿಲ್ಲದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದರು. ಇಲಿಗಳು ನೋವು ತೋರಿಸಲಿಲ್ಲ. ಆ ಭಾಗದಿಂದ ಹೊರಟ ಆದೇಶ ಬೆನ್ನುಹುರಿಗೆ ಇಳಿದು, ಮೇಲೆ ಬರುವ ನೋವನ್ನು ಅಲ್ಲೇ ತಡೆಯುತ್ತದೆ. ದೇಹ ತಾನೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳು ಈ ಕೆಲಸಕ್ಕೆ ಬೇಕು. ದೀರ್ಘಕಾಲದ ನೋವಿರುವ ಹಲವರಲ್ಲಿ ಈ ತಡೆಯೇ ದುರ್ಬಲವಾಗಿರುತ್ತದೆ.

ಇನ್ನು 1991ಕ್ಕೆ ಬರೋಣ. ಜಪಾನಿನ ನರಶಸ್ತ್ರಚಿಕಿತ್ಸಕ ತಾಕಾಶಿ ತ್ಸುಬೊಕಾವ, ಮೆದುಳಿಗೆ ಹಾನಿಯಾದ ಮೇಲೆ ಬರುವ ಕಠಿಣ ನೋವಿಗೆ ದಾರಿ ಹುಡುಕುತ್ತಿದ್ದರು. ತಲೆಬುರುಡೆಯ ಒಳಗೆ, ಕೈಕಾಲು ಆಡಿಸುವ ಮೆದುಳಿನ ಪಟ್ಟಿಯ ಮೇಲೆ ಇಲೆಕ್ಟ್ರೋಡ್ ಇಟ್ಟು ಪ್ರಚೋದಿಸಿದಾಗ ನೋವು ಇಳಿಯಿತು. ಸ್ಪರ್ಶ ತಿಳಿಯುವ ಭಾಗದಲ್ಲಲ್ಲ, ಚಲನೆಯ ಭಾಗದಲ್ಲಿ! ಚಲಿಸುವ ಮೆದುಳಿಗೂ ನೋವಿಗೂ ಇಷ್ಟು ಹತ್ತಿರದ ನಂಟು ಇದೆ ಅನ್ನುವುದು ನನಗೆ ಇವತ್ತಿಗೂ ಬೆರಗು. ಆ ಪಟ್ಟಿಯಿಂದ, ಸಂಕೇತಗಳನ್ನು ಹಂಚುವ ಮೆದುಳಿನೊಳಗಿನ ಭಾಗವಾದ ಥಲಾಮಸ್‌ಗೂ, ಮೆದುಳುಕಾಂಡದ ನೋವು ತಡೆಯುವ ಭಾಗಕ್ಕೂ ಸಂಪರ್ಕ ಹೋಗುತ್ತದೆ ಅನ್ನುವುದು ಈಗಿನ ವಿವರಣೆ.

ಈಗ ತಲೆಬುರುಡೆ ತೆರೆಯಬೇಕಾಗಿಲ್ಲ. ಎರಡು ವಿಧಾನಗಳಿವೆ. ಒಂದು ಟಿಎಂಎಸ್, ಅಂದರೆ ಕಾಂತಕ್ಷೇತ್ರದಿಂದ ಮೆದುಳನ್ನು ಪ್ರಚೋದಿಸುವುದು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ತಂಡ ಇದನ್ನು ತೋರಿಸಿತು. ತಂತಿಯ ಸುರುಳಿಯನ್ನು ತಲೆಗೆ ತಾಗಿಸಿ ಹಿಡಿದು, ಒಂದು ಕ್ಷಣ ಬಲವಾದ ಕಾಂತಕ್ಷೇತ್ರ ಹುಟ್ಟಿಸುತ್ತಾರೆ. ಟಕ್ ಅಂತ ಸದ್ದಾಗುತ್ತದೆ. ಸರಿಯಾದ ಜಾಗಕ್ಕೆ ಬಂದರೆ ಎದುರುಬದಿಯ ಕೈಯ ಹೆಬ್ಬೆರಳು ತಾನಾಗಿ ಕುಪ್ಪಳಿಸುತ್ತದೆ. ಮೊದಲ ಸಲ ನೋಡುವವರು ತಮ್ಮ ಬೆರಳನ್ನೇ ನಂಬದ ಹಾಗೆ ನೋಡುತ್ತಾರೆ. ಎಷ್ಟು ಶಕ್ತಿ ಕೊಡಬೇಕು ಅನ್ನುವುದನ್ನೂ ಆ ಬೆರಳನ್ನು ನೋಡಿಯೇ ನಿರ್ಧರಿಸುತ್ತಾರೆ. 2011ರ ಒಂದು ಪ್ರಯೋಗದಲ್ಲಿ, ಅಫೀಮು ಜಾತಿಯ ಮದ್ದನ್ನು ತಡೆಯುವ ನಲಾಕ್ಸೋನ್ ಕೊಟ್ಟಾಗ ಈ ಚಿಕಿತ್ಸೆಯ ನೋವು ತಗ್ಗಿಸುವ ಗುಣ ಕಡಿಮೆಯಾಯಿತು. ಅಂದರೆ ದೇಹದ ಸ್ವಂತ ನೋವುನಿವಾರಕವೇ ಇಲ್ಲಿ ಕೆಲಸ ಮಾಡುತ್ತಿದೆ.

ಇನ್ನೊಂದು ಟಿಡಿಸಿಎಸ್, ಅಂದರೆ ತಲೆಯ ಮೇಲಿಂದ ಸಣ್ಣ ನೇರ ಕರೆಂಟು ಕೊಟ್ಟು ಮೆದುಳನ್ನು ಪ್ರಚೋದಿಸುವುದು. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ, ಸುಮಾರು 20 ನಿಮಿಷ ಸಣ್ಣ ಕರೆಂಟು ಹರಿಸುವುದು. ಇದರಿಂದ ಹೆಬ್ಬೆರಳು ಹಾರುವುದಿಲ್ಲ. ನರಕೋಶ ಕೆಲಸ ಮಾಡಲು ಸ್ವಲ್ಪ ಹೆಚ್ಚು ತಯಾರಾಗುತ್ತದೆ, ಅಷ್ಟೇ. ಜರ್ಮನಿಯ ಗೋಟಿಂಗೆನ್‌ನಲ್ಲಿ ನಿಟ್ಶೆ ಮತ್ತು ಪೌಲುಸ್ 2001ರಲ್ಲಿ ತೋರಿಸಿದ ಪ್ರಕಾರ, 13 ನಿಮಿಷ ಕರೆಂಟು ಕೊಟ್ಟರೆ ಚಲನೆಯ ಭಾಗದ ಆ ಚುರುಕು ಸುಮಾರು ಒಂದೂವರೆ ಗಂಟೆ ಉಳಿಯಬಹುದು.

ಆ ಒಂದೂವರೆ ಗಂಟೆಯಲ್ಲಿ ಏನು ಮಾಡಬೇಕು ಅನ್ನುವಲ್ಲಿ ವ್ಯಾಯಾಮ ಬರುತ್ತದೆ. ಉಡುಪಿ ಹತ್ತಿರದ ಕೋಡಿಬೆಂಗ್ರೆ ಅಳಿವೆಯಲ್ಲಿ ಹೂಳು ತುಂಬಿದಾಗ ಬೋಟಿನವರು ಉಬ್ಬರಕ್ಕೆ ಕಾಯುತ್ತಾರೆ. ನೀರು ಏರಿದರೆ ಮರಳದಿಬ್ಬ ದಾಟಲು ದಾರಿ ಆಗುತ್ತದೆ. ಆದರೆ ಆ ಹೊತ್ತಿಗೆ ಇಂಜಿನ್ ಚಾಲೂ ಮಾಡದಿದ್ದರೆ ಬೋಟು ನಿಂತಲ್ಲೇ ಇರುತ್ತದೆ, ನೀರು ಮತ್ತೆ ಇಳಿಯುತ್ತದೆ. ತಲೆಗೆ ಕೊಡುವ ಕರೆಂಟು ಆ ಉಬ್ಬರ. ದೂರ ಕರೆದೊಯ್ಯುವುದು ವ್ಯಾಯಾಮ.

ವ್ಯಾಯಾಮ ನೋವಿನ ಮೇಲೆ ನೇರವಾಗಿಯೇ ಕೆಲಸ ಮಾಡುತ್ತದೆ. ಸ್ವಲ್ಪ ಚುರುಕಾಗಿ ನಡೆದರೂ ಆರೋಗ್ಯವಂತರಲ್ಲಿ ನೋವು ತಾಳುವ ಮಟ್ಟ ಕೆಲ ಹೊತ್ತು ಏರುತ್ತದೆ. ಮೆದುಳಿನಿಂದ ಕೆಳಗಿಳಿಯುವ ಅದೇ ತಡೆಯ ವ್ಯವಸ್ಥೆ ಇಲ್ಲೂ ಎಚ್ಚರಗೊಳ್ಳುತ್ತದೆ ಅನ್ನುವುದು ಒಂದು ವಿವರಣೆ. ತೊಂದರೆ ಏನೆಂದರೆ, ಮೈಯೆಲ್ಲಾ ನೋಯುವ ಫೈಬ್ರೋಮಯಾಲ್ಜಿಯಾದಂಥ ಕಾಯಿಲೆಯಲ್ಲಿ ಮೊದಮೊದಲು ವ್ಯಾಯಾಮದಿಂದ ನೋವು ಏರುವುದೂ ಉಂಟು. ರೋಗಿ ಎರಡು ದಿನ ಮಾಡಿ ಬಿಟ್ಟುಬಿಡುತ್ತಾರೆ. ಆಮೇಲೆ ಅಲುಗಾಡಲು ಹೆದರಿಕೆ. ಅಲುಗಾಡದೆ ಸ್ನಾಯು ಸೋಲುತ್ತದೆ, ನೋವು ಬೆಳೆಯುತ್ತದೆ. ಈ ಮೊದಲ ಕೆಲವು ವಾರ ದಾಟಿಸುವುದೇ ನಮ್ಮ ಕೆಲಸದ ಅತ್ಯಂತ ಕಷ್ಟದ ಭಾಗ. ಮೆದುಳಿನ ಪ್ರಚೋದನೆ ನೆರವಾಗಬಹುದಾದದ್ದು ಅಲ್ಲೇ ಅಂತ ನನ್ನ ಆಸೆ.

ಪ್ರಯೋಗಗಳು ಏನು ಹೇಳುತ್ತವೆ? 2016ರಲ್ಲಿ ಬ್ರೆಜಿಲ್‌ನ ತಂಡವೊಂದು ಫೈಬ್ರೋಮಯಾಲ್ಜಿಯಾ ಇದ್ದ 45 ಮಂದಿಯನ್ನು ಮೂರು ಗುಂಪು ಮಾಡಿತು. ಒಂದಕ್ಕೆ ಟಿಡಿಸಿಎಸ್ ಮಾತ್ರ, ಒಂದಕ್ಕೆ ಟ್ರೆಡ್‌ಮಿಲ್ ಮೇಲಿನ ವ್ಯಾಯಾಮ ಮಾತ್ರ, ಇನ್ನೊಂದಕ್ಕೆ ಎರಡೂ. ಎರಡೂ ಸಿಕ್ಕಿದವರಿಗೆ ನೋವಿನಲ್ಲೂ ಆತಂಕದಲ್ಲೂ ಹೆಚ್ಚು ಗುಣ ಕಂಡಿತು. ಮರುವರ್ಷ ಆಸ್ಟ್ರೇಲಿಯಾದಲ್ಲಿ ಮಂಡಿ ಸವೆದ 30 ಜನರಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ಮುಂಚೆ 20 ನಿಮಿಷ ಟಿಡಿಸಿಎಸ್ ಕೊಟ್ಟು ನೋಡಿದರು. ಅಲ್ಲೂ ಆಸೆ ಹುಟ್ಟಿಸುವ ಸೂಚನೆ ಸಿಕ್ಕಿತು. ಆದರೆ ಇವು ಸಣ್ಣ ಪ್ರಯೋಗಗಳು ಅನ್ನುವುದನ್ನು ಮರೆಯಬಾರದು.

ಸೋತ ಪ್ರಯೋಗಗಳನ್ನೂ ಹೇಳಲೇಬೇಕು. 2015ರಲ್ಲಿ ಜರ್ಮನಿಯಲ್ಲಿ ಹಳೆಯ ಸೊಂಟನೋವಿನ 135 ಜನರಿಗೆ ಐದು ದಿನ ಟಿಡಿಸಿಎಸ್ ಕೊಟ್ಟು, ಆಮೇಲೆ ನೋವಿನ ಜೊತೆ ಬದುಕಲು ಕಲಿಸುವ ತರಬೇತಿ ಕೊಟ್ಟರು. ನಿಜವಾದ ಕರೆಂಟು ಸಿಕ್ಕವರಿಗೂ ನಕಲಿ ಕರೆಂಟು ಸಿಕ್ಕವರಿಗೂ ವ್ಯತ್ಯಾಸವೇ ಕಾಣಲಿಲ್ಲ. ನಕಲಿ ಅಂದರೆ ಹೇಗೆ ಗೊತ್ತಾ? ಶುರುವಿನಲ್ಲಿ ಅರ್ಧ ನಿಮಿಷ ಕರೆಂಟು ಹರಿಸಿ ಮೆಲ್ಲಗೆ ನಿಲ್ಲಿಸಿಬಿಡುತ್ತಾರೆ. ತಲೆ ತುರಿಸಿದ ಹಾಗಾಗುತ್ತದೆ, ರೋಗಿಗೆ ಚಿಕಿತ್ಸೆ ನಡೆಯುತ್ತಿದೆ ಅನ್ನಿಸುತ್ತದೆ. ಹೀಗೆ ಅನ್ನಿಸಿದ್ದರಿಂದಲೇ ಎಷ್ಟೋ ನೋವು ಇಳಿಯುತ್ತದೆ. ಅದಕ್ಕೇ ಈ ಹೋಲಿಕೆ ಇಲ್ಲದ ಯಾವ ಪ್ರಯೋಗವನ್ನೂ ನಾನು ನಂಬುವುದಿಲ್ಲ. ಕೈಕಾಲು ಕತ್ತರಿಸಿದವರಿಗೆ, ಇಲ್ಲದ ಅಂಗದಲ್ಲೇ ಬರುವ ನೋವಿಗೂ 2021ರಲ್ಲಿ ಕನ್ನಡಿ ಚಿಕಿತ್ಸೆಯ (ಉಳಿದ ಕೈಕಾಲಿನ ಬಿಂಬವನ್ನು ಕನ್ನಡಿಯಲ್ಲಿ ನೋಡುತ್ತಾ ಆಡಿಸುವುದು) ಜೊತೆ ಟಿಡಿಸಿಎಸ್ ಸೇರಿಸಿ ನೋಡಿದರು. ಕರೆಂಟಿನಿಂದ ಗುಣ ಕಂಡಿತು, ಆದರೆ ಎರಡನ್ನೂ ಸೇರಿಸಿದ್ದರಿಂದ ಹೆಚ್ಚಿನ ಲಾಭ ಆಗಲಿಲ್ಲ. ಎರಡು ಒಳ್ಳೆಯದನ್ನು ಕೂಡಿಸಿದರೆ ದುಪ್ಪಟ್ಟು ಒಳ್ಳೆಯದಾಗುತ್ತದೆ ಅನ್ನುವ ಲೆಕ್ಕ ಮೆದುಳಿನ ಹತ್ತಿರ ನಡೆಯುವುದಿಲ್ಲ. ಯಾವುದು ಮೊದಲು, ಎಷ್ಟು ಅಂತರ, ಯಾವ ವ್ಯಾಯಾಮ, ಎಲ್ಲವೂ ಮುಖ್ಯ.

ಹಾಗಾಗಿ ತಲೆಗೆ ಕಟ್ಟಿಕೊಳ್ಳುವ ಯಂತ್ರವನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು ಮನೆಯಲ್ಲಿ ಪ್ರಯೋಗ ಮಾಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಸ್ಪಂಜು ಒಣಗಿದರೆ ಚರ್ಮ ಸುಡಬಹುದು. ಜಾಗ ತಪ್ಪಿದರೆ ಪರಿಣಾಮವೂ ತಪ್ಪುತ್ತದೆ. ಟಿಎಂಎಸ್‌ಗಂತೂ ನುರಿತ ವೈದ್ಯರೇ ಬೇಕು. ಅಪರೂಪಕ್ಕೆ ಫಿಟ್ಸ್ ಬರಬಹುದು. ತಲೆಯೊಳಗೆ ಲೋಹದ ಕ್ಲಿಪ್, ಕಿವಿ ಕೇಳಿಸಲು ಒಳಗೆ ಅಳವಡಿಸಿದ ಕಾಕ್ಲಿಯರ್ ಇಂಪ್ಲಾಂಟ್ ಇದ್ದವರಿಗೆ ಅದು ಆಗದು. ಫಿಟ್ಸ್ ಇದ್ದವರು, ಪೇಸ್‌ಮೇಕರ್ ಹಾಕಿಸಿಕೊಂಡವರು ಮೊದಲೇ ಹೇಳಬೇಕು. ಯಾರಾದರೂ ಈ ಚಿಕಿತ್ಸೆ ಮಾಡಿಸಿ ಅಂದರೆ ಕೇಳಬೇಕಾದ ಪ್ರಶ್ನೆ: "ಇದರ ಜೊತೆ ಯಾವ ವ್ಯಾಯಾಮ ಮಾಡಿಸ್ತೀರಿ? ಕರೆಂಟು ನಿಂತ ಮೇಲೆ ನಾನೇನು ಮಾಡ್ಬೇಕು?" ಉತ್ತರ ಇಲ್ಲದಿದ್ದರೆ ದುಡ್ಡು ಉಳಿಸಿಕೊಳ್ಳಿ.

ಯಂತ್ರ ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು. ಹಳೆಯ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವ್ಯಾಯಾಮಕ್ಕೆ ಜಾಗ ಇದೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ನೇತಾಡುವ ಸೊಂಟದ ಬೆಲ್ಟ್ ಬೇಡ, ಟ್ರಾಕ್ಷನ್ (ಸೊಂಟ ಎಳೆಯುವ ಚಿಕಿತ್ಸೆ) ಬೇಡ ಅಂತಲೂ ಅದರಲ್ಲೇ ಇದೆ. ಆದರೆ ಕಾಲು ಬಲ ಕಳೆದುಕೊಂಡರೆ, ಮೂತ್ರ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ಮೊದಲು ಡಾಕ್ಟರ ಹತ್ತಿರ ಓಡಬೇಕು.

"ದಿನವಿಡೀ ಮನೆಕೆಲಸ ಮಾಡ್ತೇನೆ, ಅದು ಸಾಲದಾ?" ಅಂತ ಆ ಅಕ್ಕ ಕೇಳಿದ್ದರು. ಸಾಲದು. ಕೆಲಸದಲ್ಲಿ ಒಂದೇ ಬಗೆಯ ಚಲನೆ ಮತ್ತೆ ಮತ್ತೆ ಬರುತ್ತದೆ, ನೋವು ಜಾಸ್ತಿಯಾದರೂ ನಿಲ್ಲಿಸುವ ಹಾಗಿಲ್ಲ. ವ್ಯಾಯಾಮದಲ್ಲಿ ಎಷ್ಟು ಸಾಕು ಅನ್ನುವುದು ನಮ್ಮ ಕೈಯಲ್ಲಿರುತ್ತದೆ. ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಮೇಲೆತ್ತುವುದು, ಭುಜ ಹಿಂದಕ್ಕೆ ತಿರುಗಿಸುವುದು, ದಿನಾ ಸ್ವಲ್ಪ ನಡೆಯುವುದು. ಮಾಡುವಾಗ ಸ್ವಲ್ಪ ನೋವಾಗಿ ಮರುದಿನಕ್ಕೆ ಇಳಿದರೆ ಚಿಂತೆ ಇಲ್ಲ. ಮರುದಿನವೂ ಏರಿಯೇ ಇದ್ದರೆ ಅರ್ಧಕ್ಕೆ ಇಳಿಸಿ, ಆದರೆ ಬಿಡಬೇಡಿ. ಜೂನ್ ಬಂದರೆ ನಮ್ಮಲ್ಲಿ ಮಳೆಯ ನೆಪದಲ್ಲಿ ವಾಕಿಂಗ್ ನಿಂತೇ ಹೋಗುತ್ತದೆ, ನೋವು ಏರಿದೆ ಅಂತ ಬರುವವರೂ ಆಗ ಹೆಚ್ಚು. ತಂಪು ಹವೆಯನ್ನು ದೂರುವ ಮೊದಲು ಜಗಲಿಯಲ್ಲೇ ಹತ್ತು ನಿಮಿಷ ಆಚೀಚೆ ನಡೆದು ನೋಡಿ.