ಭಂಗಿ ಸೊಪ್ಪು ಬುದ್ಧಿಯನ್ನು ಮಂಕು ಮಾಡುತ್ತದಾ? 130 ವರ್ಷದ ಜಗಳ

ಗಾಂಜಾ ಮಾತು ಬಂದರೆ ಸಾಕು, ಮನೆಯಲ್ಲೇ ಎರಡು ಪಕ್ಷ. ಒಬ್ಬರಿಗೆ ಒಂದು ದಮ್ಮು ಎಳೆದರೂ ತಲೆ ಕೆಟ್ಟ ಹಾಗೆ. ಇನ್ನೊಬ್ಬರಿಗೆ ಅದು ಸುಮ್ನೆ ಒಂದು ಗಿಡ. ಇಬ್ಬರ ಕೈಯಲ್ಲೂ ಒಂದೊಂದು ಅಧ್ಯಯನ ಇರುತ್ತದೆ. ತಮಾಷೆ ಅಂದರೆ, ಎರಡೂ ಸುಳ್ಳಲ್ಲ.

ಜಗಳದ ಬೇರು ನಮ್ಮ ದೇಶದಲ್ಲೇ ಇದೆ. ಗಾಂಜಾ ಸೇದಿದವರಿಂದ ಹುಚ್ಚಾಸ್ಪತ್ರೆಗಳು ತುಂಬುತ್ತಿವೆ ಎಂಬ ದೂರು ಲಂಡನ್ನಿನ ಸಂಸತ್ತಿನವರೆಗೂ ಹೋಯಿತು. 1893ರಲ್ಲಿ ಒಂದು ಆಯೋಗ ನೇಮಕವಾಯಿತು. ಅದು 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಆಸ್ಪತ್ರೆಗಳ ದಾಖಲೆ ಬಿಚ್ಚಿದಾಗ ಬೇರೆಯದೇ ಕತೆ ಹೊರಬಿತ್ತು. ಕಾಯಿಲೆಗೆ ಕಾರಣ ಗೊತ್ತಾಗದಿದ್ದರೆ ಆ ಜಾಗದಲ್ಲಿ ‘ಗಾಂಜಾ’ ಎಂದು ಬರೆದುಬಿಡುತ್ತಿದ್ದರು. ಎಷ್ಟೋ ಸಲ ಆ ಕಾರಣ ಹೇಳಿದ್ದು ರೋಗಿಯನ್ನು ಕರೆತಂದ ಪೊಲೀಸರು! ಮಿತವಾಗಿ ಬಳಸಿದರೆ ಮನಸ್ಸಿಗೆ ಹಾನಿಯಿಲ್ಲ, ಅತಿಯಾದರೆ ಉಂಟು ಎಂದು 1894ರ ವರದಿ ಹೇಳಿತು.

ವರದಿ ಕಪಾಟು ಸೇರಿತು. 1961ರಲ್ಲಿ ಮಾದಕ ವಸ್ತುಗಳ ಮೇಲೆ ಅಂತರರಾಷ್ಟ್ರೀಯ ಒಪ್ಪಂದ, 1985ರಲ್ಲಿ ಮಾದಕ ವಸ್ತು ತಡೆಯುವ ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂದವು. ಗಿಡದ ಹೂಬಿಟ್ಟ ತುದಿ ಇಟ್ಟುಕೊಂಡರೆ ಅಪರಾಧವಾಯಿತು, ಬರೀ ಎಲೆ ಕಾಯ್ದೆಯ ಹೊರಗುಳಿಯಿತು.

ಅಷ್ಟರಲ್ಲಿ ಪ್ರಯೋಗಾಲಯದವರು ಕೆಲಸಕ್ಕಿಳಿದಿದ್ದರು. ಗಾಂಜಾದಲ್ಲಿ ನಶೆ ಏರಿಸುವ ಟಿಎಚ್‌ಸಿ ಎಂಬ ರಾಸಾಯನಿಕವನ್ನು 1964ರಲ್ಲಿ ಇಸ್ರೇಲಿನಲ್ಲಿ ಬೇರ್ಪಡಿಸಿದರು. ಅದು ಮಿದುಳಿನಲ್ಲಿ ಕೂರುವ ಜಾಗ 1988ರಲ್ಲಿ ಸಿಕ್ಕಿತು. ಅದೇ ಜಾಗದಲ್ಲಿ ಕೂರುವ, ನಮ್ಮ ಮೈಯೇ ತಯಾರಿಸುವ ರಾಸಾಯನಿಕವೊಂದು 1992ರಲ್ಲಿ ಪತ್ತೆಯಾಯಿತು. ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟರು. ಹೌದು, ನಮ್ಮ ‘ಆನಂದ’ವೇ. ಇಂಥ ಜಾಗಗಳು ನೆನಪು ಕಟ್ಟುವ ಭಾಗದಲ್ಲಿ, ಯೋಚಿಸಿ ತೀರ್ಮಾನ ಮಾಡುವ ಮುಂಭಾಗದಲ್ಲಿ ಜಾಸ್ತಿ ಇವೆ.

ನನಗೆ ಈ ಕತೆಯಲ್ಲಿ ತುಂಬಾ ಹಿಡಿಸುವುದು ಇಸ್ಪೀಟಿನಂಥ ಒಂದು ಪರೀಕ್ಷೆ. ಕಾರ್ಡುಗಳನ್ನು ಜೋಡಿಸಬೇಕು. ಬಣ್ಣ ನೋಡಿಯೋ, ಆಕಾರ ನೋಡಿಯೋ, ಸಂಖ್ಯೆ ನೋಡಿಯೋ ಎಂದು ಯಾರೂ ಹೇಳುವುದಿಲ್ಲ. ಸರಿ, ತಪ್ಪು ಎಂದಷ್ಟೇ ಹೇಳುತ್ತಾರೆ. ನಿಯಮ ಹೊಳೆದು ಕೈ ಕುದುರಿತು ಎನ್ನುವಷ್ಟರಲ್ಲಿ ಸದ್ದಿಲ್ಲದೆ ನಿಯಮ ಬದಲಾಗುತ್ತದೆ. ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಲು ಎಷ್ಟು ಹೊತ್ತು ಬೇಕಾಯಿತು? ತಪ್ಪು ಎಂದು ಹೇಳಿದರೂ ಎಷ್ಟು ಸಲ ಹಳೇ ಪಟ್ಟೇ ಹಿಡಿದರು? ಲೆಕ್ಕ ಇಷ್ಟೇ.

1996ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಈ ಪರೀಕ್ಷೆ ಕೊಟ್ಟರು. ಒಂದು ಗುಂಪು ಹೆಚ್ಚುಕಮ್ಮಿ ದಿನಾ ಸೇದುವವರದು, ಇನ್ನೊಂದು ಅಪರೂಪಕ್ಕೆ ಸೇದುವವರದು. ಕನಿಷ್ಠ 19 ಗಂಟೆ ಏನೂ ಮುಟ್ಟದಂತೆ ನೋಡಿಕೊಂಡಿದ್ದರು. ಆದರೂ ದಿನಾ ಸೇದುವವರು ಹಳೇ ನಿಯಮಕ್ಕೆ ಜಾಸ್ತಿ ಅಂಟಿಕೊಂಡರು. ಪತ್ರಿಕೆಗಳಿಗೆ ಅಷ್ಟು ಸಾಕಾಗಿತ್ತು.

ಅದೇ ತಂಡದವರು 2001ರಲ್ಲಿ ಇನ್ನೊಂದು ಕೆಲಸ ಮಾಡಿದರು. ಬದುಕಿನಲ್ಲಿ 5,000 ಸಲವಾದರೂ ಸೇದಿದವರನ್ನು 28 ದಿನ ಬಿಡಿಸಿ ಕೂರಿಸಿದರು. ಏಳನೇ ದಿನವೂ ಪದಗಳ ಪಟ್ಟಿ ನೆನಪಿಟ್ಟು ಹೇಳಲು ಅವರು ಒದ್ದಾಡುತ್ತಿದ್ದರು. 28ನೇ ದಿನ ಅಪರೂಪಕ್ಕೆ ಸೇದಿದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಇದಕ್ಕೆ ಅಷ್ಟು ದೊಡ್ಡ ಸುದ್ದಿಯ ಭಾಗ್ಯ ಸಿಗಲಿಲ್ಲ ಅನ್ನಿ. ಆದರೆ ಅದೇ ಲೆಕ್ಕವನ್ನು ಮತ್ತೆ ಕೆದಕಿದಾಗ ಒಂದು ಎಳೆ ಸಿಕ್ಕಿತು. 17 ತುಂಬುವ ಮೊದಲೇ ಶುರು ಮಾಡಿದವರು 28 ದಿನ ಕಳೆದರೂ ಭಾಷೆಗೆ ಸಂಬಂಧಿಸಿದ ಪರೀಕ್ಷೆಗಳಲ್ಲಿ ಹಿಂದಿದ್ದರು.

ಆ ಎಳೆಯನ್ನು ಎತ್ತಿಕೊಂಡದ್ದು ನ್ಯೂಜಿಲೆಂಡಿನ ಡನೀಡನ್ ನಗರದ ಅಧ್ಯಯನ. ಅಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಇವತ್ತಿಗೂ ಬಿಡದೆ ಗಮನಿಸುತ್ತಿದ್ದಾರೆ. ಹರೆಯದಲ್ಲಿ ಶುರು ಮಾಡಿ ಬಿಡದೆ ಮುಂದುವರಿಸಿದವರ ಐಕ್ಯೂ 38ರ ಹೊತ್ತಿಗೆ ಸರಾಸರಿ 8 ಅಂಕ ಇಳಿದಿತ್ತು ಎಂದು 2012ರಲ್ಲಿ ಬಂತು. ತಕ್ಷಣ ಆಕ್ಷೇಪ: ಬಡತನ, ಬಿಟ್ಟ ಶಾಲೆ ಕಾರಣವಲ್ವಾ? 2016ರಲ್ಲಿ ಅವಳಿ ಮಕ್ಕಳನ್ನು ಹೋಲಿಸಿದಾಗ, ಸೇದಿದವರಿಗೂ ಸೇದದ ಅವರ ಅವಳಿ ಒಡಹುಟ್ಟಿದವರಿಗೂ ಐಕ್ಯೂ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಡನೀಡನ್ನಿನವರು ಮತ್ತೆ ಬಂದರು. 45ರ ಹೊತ್ತಿಗೆ ದೀರ್ಘಕಾಲ ಸೇದಿದವರ ಇಳಿಕೆ 5.5 ಅಂಕ. ಅವರ ಮರೆವು ಜಾಸ್ತಿಯಾಗಿದೆ ಎಂದು ಹತ್ತಿರದವರೂ ಹೇಳಿದ್ದರು.

‘ಗಾಂಜಾ ಬುದ್ಧಿ ಕೆಡಿಸುತ್ತದಾ’ ಎಂದು ಕೇಳುವುದೇ ಅರ್ಧ ಪ್ರಶ್ನೆ. ಎಷ್ಟನೇ ವಯಸ್ಸಿಗೆ ಶುರು, ಎಷ್ಟು ವರ್ಷ, ಕೊನೇ ಸಲ ಯಾವಾಗ? ಇದನ್ನು ಕೇಳದೆ ಬರುವ ಉತ್ತರವನ್ನು ನಾನಂತೂ ನಂಬುವುದಿಲ್ಲ. ಸರಕೂ ಬದಲಾಗಿದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲಿನಲ್ಲಿ 1995ರಲ್ಲಿ ಸುಮಾರು ಶೇ 4ರಷ್ಟಿದ್ದ ಟಿಎಚ್‌ಸಿ 2014ಕ್ಕೆ ಶೇ 12ರ ಹತ್ತಿರ ಬಂದಿತ್ತು. 28 ದಿನದ ಆ ಲೆಕ್ಕ ಹಳೇ ಸರಕಿನದು.